ರಟ್ಟು ಒಣಗೇ ಇತ್ತು

ಭಾನುವಾರಕ್ಕೊಮ್ಮೆ ಬಾನೆಟ್ಟು ಎತ್ತುತ್ತೇನೆ.
ಹಾಲುಬಣ್ಣದ ಪ್ಲಾಸ್ಟಿಕ್ ಡಬ್ಬಿಯ ಮೈಮೇಲೆ
ಲ್ಯಾಬಿನಿಂದ ತಂದ ಮಾರ್ಕರಿನ ಗೀಟುಗಳು:
ಜನವರಿ ನಾಲ್ಕು. ಹದಿನೆಂಟು. ಫೆಬ್ರುವರಿ ಒಂದು.
ಬೆರಳಗಲ, ಅದರ ಕೆಳಗೆ ಮತ್ತೊಂದು ಬೆರಳಗಲ
ಹಸಿರು ಕೂಲಂಟ್ ಇಳಿದುಹೋಗಿದೆ
ಯಾರಿಗೂ ಹೇಳದೆ.

ರಾತ್ರಿ ಗಾಡಿಯ ಹೊಟ್ಟೆ ಕೆಳಗೆ ರಟ್ಟು ಹಾಸಿದೆ.
ಬೆಳಿಗ್ಗೆ ನೋಡಿದರೆ ರಟ್ಟು ಒಣಗೇ ಇತ್ತು,
ಬೆಕ್ಕಿನ ಹೆಜ್ಜೆ ನಾಲ್ಕು, ಅಷ್ಟೇ.
ಎದುರು ಮನೆ ಕರವೀರಪ್ಪ ಮಾಸ್ತರು ಗೇಟಿಗೆ ಬಂದು
"ಆವಿ ಆಗತೈತ್ರಿ" ಅಂದರು.
"ಫೆಬ್ರುವರಿ ಒಳಗ?"
"ಧಾರವಾಡ ಈಗ ಮೊದಲಿನ ಧಾರವಾಡ ಅಲ್ರೀ."
ಎಲ್ಲದಕ್ಕೂ ಅವರದು ಇದೇ ಉತ್ತರ.
ಒಂದು ಚೆಂಬು ಬೋರಿನ ನೀರು ಸುರಿದು ಮುಚ್ಚಿದೆ.
ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರು. ಕೆಲಸಕ್ಕೆ ಹೊತ್ತಾಗಿತ್ತು.

ನನ್ನ ಕೆಲಸ ರಕ್ತ ಎಣಿಸುವುದು.
ಹನ್ನೊಂದು, ಹತ್ತು, ಒಂಬತ್ತೂವರೆ.
ನವಲಗುಂದದ ಹೆಂಗಸು ತೋಳು ಚಾಚಿ ಕೇಳಿದ್ದಳು:
"ಎಲ್ಲೂ ಗಾಯ ಇಲ್ರೀ ಅಕ್ಕಾರ, ಎಲ್ಲಿ ಹೊಂಟೈತಿ ಇದು?"
ನಮ್ಮ ರಿಪೋರ್ಟಿನಲ್ಲಿ ಅಂಕಿಗೆ ಜಾಗ ಇದೆ,
ದಾರಿಗೆ ಇಲ್ಲ.

ಗೋಕುಲ ರೋಡಿನ ನದಾಫ
ಮೊದಲು ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು ಒತ್ತಿದ.
"ಬಿಸಿ ಇದ್ದಾಗ ಇದನ್ನ ತಗೀಬ್ಯಾಡ್ರಿ ಮತ್ತ"
ಎಂದು ತೋಳು ಮಡಿಸಿ ತೋರಿಸಿದ:
ಮೊಣಕೈವರೆಗೆ ಹೊಳೆಯುವ, ಕೂದಲಿಲ್ಲದ ಚರ್ಮ.
ಆಯಿಲ್ ಕಡ್ಡಿ ಎಳೆದು ಬೆಳಕಿಗೆ ಹಿಡಿದ,
"ಚಹಾದಂಗ ಆಗಿಲ್ಲ. ಹೆಡ್ಡು ಉಳಕೊಂಡೈತಿ."
ಸೈಲೆನ್ಸರಿಗೆ ಮೂಗು ಕೊಟ್ಟು, "ಸಿಹಿ ವಾಸನಿನೂ ಇಲ್ಲ."
ಯಮನ್ಯಾ, ಅವನ ಹುಡುಗ, ರಬ್ಬರ್ ಪೈಪುಗಳನ್ನು ಹಿಚುಕುತ್ತ ಬಂದ,
ಸಂತೆಯಲ್ಲಿ ಆಕಳ ಕೆಚ್ಚಲು ನೋಡುವವನ ಹಾಗೆ.
ಆಮೇಲೆ ಗಾಳಿ ಒತ್ತಿ ಮೀಟರು ಕಟ್ಟಿದರು.
ಮೂವರೂ ಸುಮ್ಮನೆ ಮುಳ್ಳು ನೋಡುತ್ತ ಕೂತೆವು.
ಒಂದು ಬಸ್ಸು ಹೋಯಿತು. ಇನ್ನೊಂದು.
ಮುಳ್ಳು ಕೂದಲೆಳೆಯಷ್ಟು ಇಳಿಯಿತು.

ಕಡ್ಡಿಗೆ ಕಟ್ಟಿದ ಕನ್ನಡಿಯಲ್ಲಿ ನದಾಫ ತೋರಿಸಿದ:
ವಾಟರ್ ಪಂಪಿನ ಕೆಳಗೆ ಎಳ್ಳುಕಾಳಿನಷ್ಟು ತೂತು,
ಸುತ್ತ ಬೆಳ್ಳಗೆ, ತುಸು ಹಸಿರಾಗಿ, ಹಕ್ಕಳೆ.
"ಈ ತೂತ ಕಂಪನಿಯವರ ಇಟ್ಟಿರತಾರ್ರಿ,
ಒಳಗಿನ ಸೀಲು ಹೋತಂದ್ರ ಹೊರಗ ಹೇಳಾಕ.
ಕಾದಾಗ ಒಂದ ಹನಿ ಬಿಡತೈತಿ, ಅಲ್ಲೇ ಆರತೈತಿ.
ನೆಲಕ್ಕ ಬರೂತನಕ ಹನಿ ಇರೂದಿಲ್ಲ."

"ಎರಡು ವರ್ಷದಿಂದ ಇದಕ್ಕೂ ಮನಸ್ಸು ಸರಿ ಇಲ್ಲೇನೋ" ಎಂದೆ.
ನಕ್ಕ. "ಗಾಡಿಗೆ ಕತಿ ಇರೂದಿಲ್ರೀ, ತೂತ ಇರತಾವ.
ನೀರು ಯಾವದು ಹಾಕತಿದ್ರಿ?"
"ಬೋರಿಂದು."
ಬೈಯಲಿಲ್ಲ. ಹಕ್ಕಳೆ ಉಗುರಿನಲ್ಲಿ ಕೆರೆದು
ನನ್ನ ಅಂಗೈಗೆ ಉದುರಿಸಿದ.
"ಇದ ತಿಂದದ್ದು ಸೀಲು.
ಸುರಕೊಂತ ಹೋಗೂದು ರಿಪೇರಿ ಅಲ್ಲ."
ಎರಡು ಸಾವಿರದ ಎಂಟುನೂರು, ಗ್ಯಾಸ್ಕೆಟ್ ಸೇರಿ.
ಹಳೆ ಪಂಪು ಪೇಪರಿನಲ್ಲಿ ಸುತ್ತಿಸಿಕೊಂಡೆ, ಯಾಕೋ.

ಮರುದಿನ ಲ್ಯಾಬಿನ ಶಟರು ಅರ್ಧ ಎಳೆದ ಮೇಲೆ
ರಬ್ಬರ್ ಪಟ್ಟಿಯ ತುದಿ ಹಲ್ಲಲ್ಲಿ ಕಚ್ಚಿ
ನನ್ನ ತೋಳು ನಾನೇ ಬಿಗಿದೆ.
ಎಂಟು ಪಾಯಿಂಟ್ ಆರು.
ಮಶೀನು ತೊಳೆದು ಮತ್ತೆ ಹಾಕಿದೆ.
ಎಂಟು ಪಾಯಿಂಟ್ ಆರು.
ಖರ್ಜೂರ, ಬೆಲ್ಲ, ಬೀಟ್‌ರೂಟು, ಕಬ್ಬಿಣದ ಗುಳಿಗೆ:
ಇವನ್ನೂ ಎರಡು ವರ್ಷದಿಂದ ಸುರಿಯುತ್ತಲೇ ಇದ್ದೆ,
ಸುಸ್ತಿಗೆ ಬಿಸಿಲಿನ ಹೆಸರಿಟ್ಟು.
ಪೇಶಂಟಿನ ಹೆಸರು ಎಂಬಲ್ಲಿ
ಪೆನ್ನು ತುಸು ಹೊತ್ತು ನಿಂತಿತು.

ಮಾರ್ಚ್ ಒಂದು, ಭಾನುವಾರ.
ನೀರು ಗೀಟಿನ ಮೇಲೇ ನಿಂತಿದೆ.
ರಿಪೋರ್ಟು ಡ್ಯಾಶ್‌ಬೋರ್ಡಿನೊಳಗೆ, ನಾಲ್ಕು ಮಡಿಕೆಯಾಗಿ;
ನಾಳೆ ಹತ್ತೂವರೆಗೆ ಡಾಕ್ಟರು.
ಮಾಸ್ತರು ಹಾಲಿನ ಪಾಕೀಟು ಹಿಡಿದು ಇಣುಕಿದರು:
"ಆವಿ ಆಗೂದು ನಿಂತತೇನ್ರಿ?"
"ಗಾಡೀದು ನಿಂತೈತ್ರಿ" ಎಂದೆ.