ಕೈ ಕಟ್ಟಿ ನಿಲ್ಲುವ ಕೆಲಸ

ಕೈ ಕಟ್ಟಿ ನಿಂತವರನ್ನು ಜನ ಸೋಮಾರಿ ಅನ್ನುತ್ತಾರೆ.
ನನಗೆ ಅದಕ್ಕೇ ಸಂಬಳ.
ಬೆಳಿಗ್ಗೆ ಎಂಟೂವರೆ, ಇನ್ವರ್‌ಕಾರ್ಗಿಲ್ ಆಸ್ಪತ್ರೆಯ ಕೆಳಮಹಡಿ,
ದಕ್ಷಿಣದ ಗಾಳಿ ಕಿಟಕಿಯ ರಬ್ಬರು ಕೀಳುತ್ತಿರುವಾಗ
ಗೋಡೆಗೆ ಬೆನ್ನು ಕೊಟ್ಟು,
ಇಪ್ಪತ್ತಾರು ವರ್ಷ ರೋಗಿಗಳನ್ನು ಎತ್ತಿದ ಎರಡು ಕೈಗಳನ್ನು
ಬೆನ್ನ ಹಿಂದೆ ಒಂದಕ್ಕೊಂದು ಕಾವಲಿಟ್ಟು
ನಿಲ್ಲುತ್ತೇನೆ.

ಎದುರಿಗೆ ಫೆತು. ಪೊರಿರುವಾದ ಹುಡುಗ,
ಚರ್ಚಿನ ರಗ್ಬಿ ತಂಡದಲ್ಲಿ ಆಡಿದ ಹೆಗಲು,
ಎದೆಯ ಮೇಲೆ ಹಸಿರು ಬಿಲ್ಲೆ: ವಿದ್ಯಾರ್ಥಿ.
ಅವನಿಗಿದು ಐದನೇ ವಾರ. ಇನ್ನೊಂದು ಬಾಕಿ.
ಸ್ನಾಯು ಹುಟ್ಟುವ ಕಡೆ, ಸೇರುವ ಕಡೆ, ನರದ ಹೆಸರು
ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ.
ನಾನು ಕೇಳುವುದು ಬೇರೆ:
ಅವರು ರಾತ್ರಿ ಮಲಗಿದ್ದರಾ? ಕಾಲಲ್ಲಿರುವ ಆ ಚಪ್ಪಲಿ ಯಾರದು?

ಗಾಲಿಕುರ್ಚಿಯಲ್ಲಿ ತಿಯೋನೆ. ಬ್ಲಫ್ ಬಂದರಿನ ಮುದುಕ.
ನಲವತ್ತು ಋತು ಸಿಂಪಿ ಬಿಡಿಸಿದ ಬಲಗೈ
ಫೆಬ್ರವರಿಯ ಒಂದು ಬೆಳಿಗ್ಗೆ, ಟೀ ಲೋಟ ಹಿಡಿದಿದ್ದಾಗಲೇ,
ಕೈ ಕೊಟ್ಟಿತು.
ಈಗ ಅದು ತೊಡೆಯ ಮೇಲೆ
ಯಾರೋ ಮರೆತು ಹೋದ ಕೈಚೀಲ.

ಮೊದಲ ವಾರ ಫೆತು ಕಂಕುಳಿಗೆ ಕೈ ಹಾಕಿ
ಮೂಟೆಯಂತೆ ಎತ್ತಿಬಿಟ್ಟಿದ್ದ.
"ಎದ್ದವರು ಯಾರು?" ಎಂದು ಕೇಳಿದ್ದೆ, ಬಾಗಿಲು ಮುಚ್ಚಿದ ಮೇಲೆ.
ಅವನ ಕಿವಿ ಕೆಂಪಾಯಿತು.
"ನಿನ್ನ ಕೈ ತುಂಬ ಒಳ್ಳೆಯದು. ಅದೇ ತೊಂದರೆ.
ಅವರ ಕಾಲಿಗೆ ಕೆಲಸ ಸಿಗುತ್ತಿಲ್ಲ."
ನಡುವಿನ ಮೌಲ್ಯಮಾಪನದಲ್ಲಿ ಐದಕ್ಕೆ ಎರಡು ಕೊಟ್ಟೆ.
ಆ ಸಂಜೆ ಬಸ್ ನಿಲ್ದಾಣದಲ್ಲಿ ಅವನು
ಊಟದ ಡಬ್ಬಿ ತೆರೆಯದೆ ಕೂತಿದ್ದನ್ನು ಕಾರಿನಿಂದ ಕಂಡೆ.
ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತೇನೋ.

ಇವತ್ತು ಅವನ ಒಂದು ಅಂಗೈ ಮಾತ್ರ
ಸೊಂಟದ ಪಟ್ಟಿಯ ಬಳಿ, ಮುಟ್ಟಿಯೂ ಮುಟ್ಟದ ಹಾಗೆ.
"ಮೂಗು ಕಾಲ್ಬೆರಳಿನಾಚೆ ಬರಲಿ. ಇನ್ನೂ. ಹಾಂ, ಈಗ."
ಕುರ್ಚಿ ಕಿರ್ ಎಂದಿತು.
ಕುಂಡೆ ನಾಲ್ಕು ಬೆರಳು ಮೇಲೆ ಬಂತು, ಎಂಟು,
ಆಮೇಲೆ ಬಲಮಂಡಿ ನಡುಗಿ, ಮಡಚತೊಡಗಿ

ನನ್ನ ಕೈಗಳು ಬಿಚ್ಚಿಕೊಂಡವು. ಒಂದು ಹೆಜ್ಜೆ ಆಗಲೇ ಹೋಗಿತ್ತು.
ನಿಂತೆ.
ಒಂದು. ಎರಡು. ಫೆತುವಿನ ಮಂಡಿ
ಮುದುಕನ ಮಂಡಿಗೆ ಆನಿಕೊಂಡಿತ್ತು.
ಮೂರು. ಯಾರೂ ಎತ್ತಲಿಲ್ಲ, ಯಾರೂ ಎಳೆಯಲಿಲ್ಲ.
ನಾಲ್ಕು. ತಿಯೋನೆ ನಿಂತಿದ್ದ,
ಪೈಜಾಮದ ಲಾಡಿ ಇಳಿಬಿದ್ದು, ಕಿಟಕಿಯಾಚೆ ನಿಲ್ಲಿಸಿದ ಕಾರುಗಳನ್ನು
ದೋಣಿಗಳನ್ನು ನೋಡುವವನಂತೆ ನೋಡುತ್ತ.

ಕೂತು, ಸುಧಾರಿಸಿಕೊಂಡು, ಹುಡುಗನಿಗಲ್ಲ, ನನಗೆ ಹೇಳಿದ.
ಮಾತು ಇನ್ನೂ ತುಂಡುತುಂಡು:
"ಶೆಡ್ಡಲ್ಲಿ... ನಾನೂ ಹಾಗೇ... ನಿಲ್ತಿದ್ದೆ.
ಹೊಸ ಹುಡುಗರು... ಅಂಗೈ... ಕುಯ್ಕೊಳ್ಳೋರು.
ಚಾಕು ಕಸಿದುಕೊಳ್ಳೋಕೆ... ಕೈ ತುರಿಸೋದು.
ಒಳಗೊಳಗೇ... ಎಣಿಸ್ತಿದ್ದೆ."
ತಡೆದು, ಬಾಯಿಯ ಎಡತುದಿಯಲ್ಲಷ್ಟೇ ನಕ್ಕ.
"ನೀನು ಎಷ್ಟು?"
"ನಾಲ್ಕು" ಅಂದೆ.
"ನಾನು ಹತ್ತು."

ನಗಬೇಕೋ ಬೇಡವೋ ತಿಳಿಯದೆ
ಫೆತು ಕುರ್ಚಿಯ ಬ್ರೇಕನ್ನು ಎರಡು ಸಲ ಪರೀಕ್ಷಿಸಿದ.

ನಮೂನೆಯಲ್ಲಿ ಹದಿನಾರು ಕಲಂ:
ಸುರಕ್ಷತೆ, ಸಂವಹನ, ದಾಖಲೆ, ಇನ್ನೇನೇನೋ.
ಕೈ ಬಿಡುವುದಕ್ಕೂ ಕೈಬಿಡುವುದಕ್ಕೂ ನಡುವಿನ
ಕೂದಲೆಳೆ ಜಾಗಕ್ಕೆ ಕಲಂ ಇಲ್ಲ.
ಷರಾ ಎಂದಿದ್ದಲ್ಲಿ ಬರೆದೆ: ಮಂಡಿ ಸಮಯಕ್ಕೆ ಬಂತು.
ಮಧ್ಯಾಹ್ನ ಇನ್ನೊಬ್ಬ ಹೆಂಗಸನ್ನು ಅವನು
ಮತ್ತೆ ಕಂಕುಳಿಂದಲೇ ಎತ್ತಿದ.

ನನ್ನ ಮೇಜಿನ ಖಾನೆಯಲ್ಲಿ, ಅಡಿಗೆಮನೆಯ ಬಟ್ಟೆಯಲ್ಲಿ ಸುತ್ತಿ,
ತಿಯೋನೆಯ ಹೆಂಡತಿ ತಂದುಕೊಟ್ಟ ಸಿಂಪಿಯ ಚಾಕಿದೆ.
ಹಿಡಿದರೆ ಕೈಗೆ ನೆನಪಾದೀತು ಎಂದು ಅವಳ ನಂಬಿಕೆ.
ವಾರ್ಡಿನ ನಿಯಮ, ಕೊಡುವಂತಿಲ್ಲ.
ಸಂಜೆ ಎಲ್ಲರೂ ಹೋದ ಮೇಲೆ ತೆಗೆದು ನೋಡಿದೆ.
ಮರದ ಹಿಡಿಯಲ್ಲಿ ಹೆಬ್ಬೆರಳಿನ ಗುಳಿ ಸವೆದಿತ್ತು.
ನನ್ನ ಹೆಬ್ಬೆರಳು
ಅದರಲ್ಲಿ ಕೂರಲಿಲ್ಲ.