ಕೂರುವ ಕೆಲಸ

ಹಂಪನಕಟ್ಟೆಯ ಮೂರನೇ ಮಾಳಿಗೆಯಲ್ಲಿ
ಹತ್ತು ಗಂಟೆ ನಿಂತೇ ಇರಬೇಕು.
ಸ್ಟೂಲು ಉಂಟು, ಅದು ಗಿರಾಕಿಗೆ.

ಇವತ್ತು ಬಿಡಿಸಿದ್ದು ನಲವತ್ತು ಸೀರೆ.
“ಇದೇ ಬಣ್ಣದಲ್ಲಿ ಬೇರೆ ಬಣ್ಣ ಉಂಟಾ?”
ಕೇಳಿದವರು ಒಂದು ಕರ್ಚೀಫು ಕೊಂಡು ಎದ್ದರು.
ಮಡಚುತ್ತೇನೆ. ಮಡಿಕೆ ಹಳೇ ಗೆರೆಯ ಮೇಲೇ ಕೂರಬೇಕು,
ಇಲ್ಲದಿದ್ದರೆ ರತ್ನಾಕರಣ್ಣ ಹಿಂದಿನಿಂದ ಕೆಮ್ಮುತ್ತಾರೆ.

ಜೆಪ್ಪುವಿನ ಸೆವ್ರಿನ್ ಬಾಯಿ ಹೊಲಿಗೆ ಮೆಷಿನ್ ಮಾರುತ್ತಾರಂತೆ,
ಪೆಡಲು ಸ್ವಲ್ಪ ಕಿರ್ರೆನ್ನುತ್ತದೆ, ಆರು ಸಾವಿರ.
ಫಾಲ್ಸಿಗೆ ಎಂಬತ್ತು, ಕುಚ್ಚಿಗೆ ಇನ್ನೂರು...
ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದು
ರವಿಕೆಯೊಳಗೆ ಇಟ್ಟದ್ದು; ಬೆವರಿಗೆ
ಏಳೋ ಒಂದೋ ಈಗ ಗೊತ್ತಾಗುವುದಿಲ್ಲ.

ನಿನ್ನೆ ಶಟರ್ ಎಳೆಯುವ ಮೊದಲು
ಯಾರೂ ಇಲ್ಲವೆಂದು ನೋಡಿ
ಗಿರಾಕಿಯ ಸ್ಟೂಲಿನ ಮೇಲೆ ಕೂತೆ.
ಕಾಲುಗಳು ತಾವಾಗಿಯೇ
ಇಲ್ಲದ ಪೆಡಲು ತುಳಿದವು.