ಶೇರು

ನನಗ ಗೊತ್ತಿದ್ದ ಶೇರು ಒಂದ,
ಹಿತ್ತಾಳಿದು. ಅವ್ವ ಆಳಂದದಿಂದ ತಂದದ್ದು.
ಕೈಜಾರಿ ಬಿದ್ದರ ಠಣ್ ಅಂತದ,
ಅಂಚಿಗೊಂದು ನೆಗ್ಗ ಬೀಳತದ,
ಜೋಳ ಚೆಲ್ಲತಾವ, ಬಳದು ತುಂಬಿಕೊಂಡರ ಮುಗೀತು.

ಈ ಶೇರು ಬಿದ್ದದ್ದು ಯಾರಿಗೂ ಕೇಳಲಿಲ್ಲ.

ಅವತ್ತು ಸೋಮವಾರ. ಕಲಬುರಗಿ ಗಂಜಿನ ಬಿಸಲು ತಗಡಿನ ಮ್ಯಾಲೆ,
ಖಾನಾವಳಿ ತುಂಬ ಹಮಾಲರು, ಪುಂಡಿಪಲ್ಯದ ವಾಸನಿ.
ದಾಲ್ ಮಿಲ್ಲಿನ ಲೆಕ್ಕದ ಅಣವೀರಪ್ಪ
ಎಡಗೈಯಾಗಿನ ಮೊಬೈಲ್ ನೋಡಕೋತ
ಬಲಗೈಯಾಗ ಮುರದ ರೊಟ್ಟಿ ಹಂಗ ಬಿಟ್ಟು ಎದ್ದ.
"ಖಾರ ಆಯ್ತೇನ್ರಿ?" ಅಂದೆ.
"ಇಲ್ಲಕ್ಕಾ, ಕೆಳಗ ಹೊಂಟದ" ಅಂದ.
ನಾ ನೆಲ ನೋಡಿದೆ.

ಆಮ್ಯಾಲೆ ತುಸು ತುಸು ತಿಳೀತು, ರೊಟ್ಟಿ ಲೆಕ್ಕದಾಗ.
ಸಾವಕಾರನ ತಮ್ಮ ಮಿಲ್ಲಿನ ರೊಕ್ಕ ಅದರಾಗ ಹಾಕಿದ್ದನಂತ,
ಸಾಲದ ಮ್ಯಾಲೆ ಸಾಲ ಇಟ್ಟು ಆಡಿದ್ದನಂತ.
ತೊಗರಿ ಕೊಳ್ಳಾಕ ರೊಕ್ಕಿಲ್ಲ, ಮಿಷೀನ ನಿಂತವು.
ಮಿಷೀನ ನಿಂತವು, ಹಮಾಲರು ನಿಂತರು,
ದಿನಕ್ಕ ನೂರಾ ಎಂಬತ್ತು ರೊಟ್ಟಿ ನಿಂತವು.
ರೊಟ್ಟಿ ಬಡಿಯೋ ಮಲಕವ್ವಗ
"ನಾಳಿಂದ ಅರ್ಧಾ ದಿನ ಬಾ" ಅಂದಾಕಿ ನಾನ.
ಯಾವ ಟಿವಿಯೊಳಗೂ ಅಕಿ ಹೆಸರು
ಕೆಂಪು ಅಕ್ಷರದಾಗ ಓಡಲಿಲ್ಲ.
ಮುಂಬಯಿ ಯಾವ ದಿಕ್ಕಿಗದ ಅಂತ ಅಕಿಗೆ ಗೊತ್ತಿಲ್ಲ;
ಹಂಚು ಇಳಿಸಿ ಇಟ್ಟಳು, ಸೀರಿ ಸೆರಗಿಗೆ ಕೈ ಒರಸಿಕೊಂಡಳು,
"ಆತ್ರೀ" ಅಂದಳು.

ನಂದೂ ಇತ್ತು ಅದರಾಗ. ಭಿಶಿ ಎತ್ತಿದ ಮೂವತ್ತು ಸಾವಿರ.
ಅಣವೀರಪ್ಪನ ಹಾಕಿಕೊಟ್ಟಿದ್ದ.
"ಹುಣಸಿಗಿಡ ಇದ್ದಂಗ, ಸುಮ್ಮ ಬಿಡ್ರಿ, ಬೆಳೀತದ" ಅಂದಿದ್ದ.
ಬರಲಿ ಮಗ, ಅಂತ ಬೈಗುಳ ಜೋಡಿಸಿಕೊಂಡು ಕುಂತೆ.
ಎಂಟು ದಿನ ಬರಲಿಲ್ಲ. ಹದಿನೈದು ದಿನ.
ಅಂವಂದೂ ಪಗಾರಿಲ್ಲ, ಮನಿ ಬಿಟ್ಟು ಹೊರಗ ಬರವಲ್ಲ
ಅಂತ ಮೋಯಿನ್ ಸುದ್ದಿ ತಂದ.

ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ
ಡಬ್ಬಿ ಕಟ್ಟಿ ಅವನ ಕೈಯಾಗ ಕಳಸಿದೆ.
ಬೈಗುಳಾನೂ ಹಾಕಬೇಕಂದೆ.
ಮುಚ್ಚಳ ಕೂಡಲಿಲ್ಲ.

ಸಂಜಿಗೆ ಡಬ್ಬಿ ತಿರುಗಿ ಬಂತು. ತೊಳದಿತ್ತು.
ಹನ್ನೆರಡು ವರ್ಷದಾಗ ಯಾರೂ ತೊಳದು ಕಳಸಿದ್ದಿಲ್ಲ.
ಬರಿ ಡಬ್ಬಿ ಕೊಡಬಾರದು ಅಂತಾರಲ್ಲ,
ಒಳಗ ಒಂದು ಹಿಡಿ ತೊಗರಿಬ್ಯಾಳಿ.

ಅವ್ವನ ಶೇರಿಗೆ ಸುರುವಿದೆ.
ತಳ ಮುಚ್ಚಲಿಲ್ಲ.